ಬಿಡಬಹುದು ಅಂದರೆ ಸಾಲದು, ಬಿಟ್ಟರೆ ಏನಾಗುತ್ತದೆ ಹೇಳಿ

ಫಂಕ್ಷನ್‌ಗೆ ಕೊಡುವ ಆರ್ಗ್ಯುಮೆಂಟುಗಳಲ್ಲಿ, ಅಂದರೆ ಅದರ ಕೆಲಸಕ್ಕೆ ನಾವು ಒದಗಿಸುವ ಮಾಹಿತಿಯಲ್ಲಿ, ಕೆಲವು ಬೇಕೇ ಬೇಕು, ಕೆಲವನ್ನು ಬಿಟ್ಟರೂ ನಡೆಯುತ್ತದೆ. ಬಿಡಬಹುದಾದದ್ದನ್ನು ಡಾಕ್ಯುಮೆಂಟೇಶನ್‌ನಲ್ಲಿ ತೋರಿಸುವುದು ಹೇಗೆ? ಶಿರಸಿಯಲ್ಲಿ ಮನೆಯಿಂದಲೇ ಕೋಡ್ ಬರೆಯುವ ಹುಡುಗ ಹುಡುಗಿಯರ ಜೊತೆ ನಾನು ಹೆಚ್ಚು ವಾದ ಮಾಡುವುದು ಈ ಒಂದು ಸಾಲಿನ ಬಗ್ಗೆ.

ಅಡಿಕೆ ರೇಟು ಹೇಳುವ ಪೈಥಾನ್ ಫಂಕ್ಷನ್ ಒಂದನ್ನು ನೋಡೋಣ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು.

ಅಡಿಕೆ_ದರ(ಬಗೆ[, ಪೇಟೆ[, ದಿನ]])

ಚೌಕ ಬ್ರಾಕೆಟ್ಟಿನೊಳಗೆ ಇದ್ದದ್ದನ್ನು ಬಿಡಬಹುದು ಎನ್ನುವುದು ಯುನಿಕ್ಸ್ ಮ್ಯಾನ್ಯುಯಲ್ ಪುಟಗಳಲ್ಲಿ ಬೇರೂರಿದ ರೂಢಿ. ಕಮಾಂಡ್‌ಗಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ಆದರೆ ಪೈಥಾನ್‌ನಲ್ಲಿ ಚೌಕ ಬ್ರಾಕೆಟ್ ಅಂದರೆ ಲಿಸ್ಟ್. ಹೊಸಬರು ಬ್ರಾಕೆಟ್ ಸಮೇತ ಟೈಪ್ ಮಾಡಿಬಿಡುತ್ತಾರೆ. ಬ್ರಾಕೆಟ್ಟಿನೊಳಗೆ ಬ್ರಾಕೆಟ್ ಇದ್ದರೆ ಪೇಟೆ ಕೊಡದೆ ದಿನ ಕೊಡುವ ಹಾಗಿಲ್ಲ ಎಂದರ್ಥ. ಹೆಸರು ಹಿಡಿದು ದಿನ ಮಾತ್ರ ಕೊಡಲು ಪೈಥಾನ್ ಬಿಡುತ್ತದಲ್ಲ, ಅದು ಇಲ್ಲಿ ಕಾಣುವುದೇ ಇಲ್ಲ.

ದೊಡ್ಡ ಕೊರತೆ ಇನ್ನೊಂದಿದೆ. ಪೇಟೆ ಬಿಟ್ಟರೆ ಸಿಗುವುದು ಶಿರಸಿ ರೇಟೋ, ಕುಮಟಾ ರೇಟೋ? ಶಿರಸಿಯಲ್ಲಿ ರಾಶಿ, ಬೆಟ್ಟೆ, ಕೆಂಪುಗೋಟು ಅಂತ ರೇಟು ಬರುತ್ತದೆ. ಕುಮಟಾದಲ್ಲಿ ಚಿಪ್ಪು, ಕೋಕಾ ಅಂತ. ಸುಮ್ನೆ ಊಹೆ ಮಾಡುವ ವಿಷಯವಲ್ಲ ಇದು. ಡೀಫಾಲ್ಟನ್ನು, ಅಂದರೆ ಏನೂ ಕೊಡದಿದ್ದಾಗ ತಾನಾಗಿ ಬರುವುದನ್ನು, ಅಲ್ಲೇ ಬರೆಯಿರಿ:

ಅಡಿಕೆ_ದರ(ಬಗೆ, ಪೇಟೆ="ಶಿರಸಿ", ದಿನ=None)

ಪಿಎಚ್‌ಪಿ ಭಾಷೆಯ ಮ್ಯಾನ್ಯುಯಲ್ ಕೂಡ ಹಳೆಯ ಬ್ರಾಕೆಟ್ ಬಿಟ್ಟು ಈ ದಾರಿಗೆ ಬಂದಿದೆ.

ಪೇಟೆಯ ವಿಷಯ ಬಗೆಹರಿಯಿತು, ದಿನದ್ದು ಬಗೆಹರಿಯಲಿಲ್ಲ. ಪೈಥಾನ್ ಡೀಫಾಲ್ಟನ್ನು ಲೆಕ್ಕ ಹಾಕುವುದು ಒಂದೇ ಸಲ, ಫಂಕ್ಷನ್ ಶುರುವಾಗುವ ಡೆಫ್ (def) ಸಾಲು ಓಡಿದಾಗ. ಅಲ್ಲಿ ಇವತ್ತಿನ ತಾರೀಕು ಹಾಕಿದ್ದರೆ, ಸೋಮವಾರ ಶುರುವಾದ ಸರ್ವರ್ ಗುರುವಾರವೂ ಸೋಮವಾರದ ರೇಟನ್ನೇ ಹೇಳುತ್ತದೆ. ಅದಕ್ಕೇ ಬರೆದವರು ಅಲ್ಲಿ None, ಅಂದರೆ 'ಏನೂ ಇಲ್ಲ' ಎಂದಿಟ್ಟು, ಒಳಗೆ ತಾರೀಕು ತಗೊಳ್ಳುತ್ತಾರೆ. ಕೋಡ್ ಸರಿಯಾಗಿದೆ. ಓದುವವರಿಗೆ ಮಾತ್ರ ಏನೂ ತಿಳಿಯಲಿಲ್ಲ. ಕೆಳಗೆ ಇಷ್ಟಾದರೂ ಇರಲೇಬೇಕು: "ದಿನ: ಕೊಡದಿದ್ದರೆ ಇವತ್ತು. ಇವತ್ತು ವ್ಯಾಪಾರ ಇಲ್ಲದಿದ್ದರೆ ಹಿಂದಿನ ವ್ಯಾಪಾರದ ದಿನ." ರಜೆ ದಿನವೂ ರೇಟು ಕೇಳುವವರು ಇರುತ್ತಾರೆ, ಅಲ್ವಾ?

ಕೆಲವಕ್ಕೆ ಒಂದು ಸಾಲು ಸಾಲುವುದಿಲ್ಲ. ಸಂಖ್ಯೆಗಳ ಸಾಲು ಕೊಡುವ ಪೈಥಾನ್‌ನ ರೇಂಜ್‌ಗೆ ಒಂದೇ ಸಂಖ್ಯೆ ಕೊಟ್ಟರೆ ಅದು ಕೊನೆ. ಎರಡು ಕೊಟ್ಟರೆ ಮೊದಲನೆಯದು ಶುರು. ಅಧಿಕೃತ ಡಾಕ್ಯುಮೆಂಟೇಶನ್ ಇದನ್ನು ಎರಡು ಸಾಲಾಗಿಯೇ ಬರೆಯುತ್ತದೆ. ಎಂಡಿಎನ್ ಎಂಬ ವೆಬ್ ಡಾಕ್ಯುಮೆಂಟೇಶನ್ ತಾಣದ ಜಾವಾಸ್ಕ್ರಿಪ್ಟ್ ಪುಟಗಳಲ್ಲೂ ಕರೆಯುವ ಒಂದೊಂದು ರೀತಿಗೆ ಒಂದೊಂದು ಸಾಲು. ಜಾಗ ಜಾಸ್ತಿ ಹಿಡಿದರೆ ಹಿಡಿಯಲಿ.

ಜಾವಾಸ್ಕ್ರಿಪ್ಟ್‌ನವರು ಇನ್ನೊಂದು ಮಾತು ಸೇರಿಸಬೇಕು. ಅಲ್ಲಿ ಆರ್ಗ್ಯುಮೆಂಟ್ ಬಿಟ್ಟರೂ, ಅನ್‌ಡಿಫೈನ್ಡ್ ಕೊಟ್ಟರೂ ಡೀಫಾಲ್ಟ್ ಬರುತ್ತದೆ. ನಲ್, ಅಂದರೆ 'ಖಾಲಿ' ಎಂದು, ಕೊಟ್ಟರೆ ಬರುವುದಿಲ್ಲ, ನಲ್ ಹಾಗೆಯೇ ಒಳಗೆ ಹೋಗುತ್ತದೆ. ಡೇಟಾಬೇಸಿನ ಖಾಲಿ ಪೇಟೆ ಕಾಲಂನಿಂದ ಬರುವುದು ಸಾಮಾನ್ಯವಾಗಿ ನಲ್ಲೇ. ಆಗ ಫಂಕ್ಷನ್ ಶಿರಸಿ ರೇಟು ಕೊಡುತ್ತದೋ, ಎರರ್ ಎಸೆಯುತ್ತದೋ, ಅದನ್ನು ಪೇಟೆಯ ವಿವರಣೆಯಲ್ಲೇ ಬರೆದುಬಿಡಿ.