ಲೆಕ್ಕ ಬೇಗ ಮುಗಿಸುವ ಮಕ್ಕಳಿಗೆ 495

ಎಲ್ಲರಿಗಿಂತ ಮೊದಲು ಲೆಕ್ಕ ಮುಗಿಸಿ ಕೈಕಟ್ಟಿ ಕೂರುವ ಮಗುವಿಗೆ ಏನು ಕೊಡಬೇಕು? ಸಾಮಾನ್ಯವಾಗಿ ಸಿಗುವುದು ಎರಡರಲ್ಲಿ ಒಂದು: ಅದೇ ಬಗೆಯ ಇನ್ನೊಂದಿಷ್ಟು ಲೆಕ್ಕ, ಇಲ್ಲವೇ ಮುಂದಿನ ತರಗತಿಯ ಪಾಠ. ಮೊದಲನೆಯದು ಚುರುಕಾಗಿದ್ದುದಕ್ಕೆ ವಿಧಿಸಿದ ದಂಡ. ಎರಡನೆಯದರಿಂದ ಮಗು ಬರುವ ವರ್ಷವೂ ಹೀಗೆಯೇ ಕೈಕಟ್ಟಿ ಕೂರಬೇಕಾಗುತ್ತದೆ. ಅಂಥ ಮಗುವಿಗೆ ದೊಡ್ಡ ಸಂಖ್ಯೆಗಳ ಕೊರತೆಯಿಲ್ಲ. ಉತ್ತರ ಬಂದ ಮೇಲೂ ಮುಗಿಯದ ಲೆಕ್ಕವನ್ನು ಅದು ಇನ್ನೂ ಕಂಡಿಲ್ಲ.

ಒಂದು ಒಗಟು ನೋಡೋಣ. ಮೂರಂಕಿಯ ಯಾವುದಾದರೂ ಸಂಖ್ಯೆ ಬರೆದುಕೊಳ್ಳಬೇಕು, ಮೂರೂ ಅಂಕಿಗಳು ಒಂದೇ ಆಗಿರಬಾರದು. ಅಂಕಿಗಳನ್ನು ಇಳಿಕೆ ಕ್ರಮದಲ್ಲಿ ಜೋಡಿಸಿ, ಅದರಿಂದ ಏರಿಕೆ ಕ್ರಮದ ಸಂಖ್ಯೆಯನ್ನು ಕಳೆಯಬೇಕು. ಬಂದ ಉತ್ತರಕ್ಕೂ ಮತ್ತೆ ಅದನ್ನೇ ಮಾಡಬೇಕು. 352 ತೆಗೆದುಕೊಂಡರೆ 532ರಿಂದ 235 ಕಳೆದು 297. 972ರಿಂದ 279 ಕಳೆದು 693. 963ರಿಂದ 369 ಕಳೆದು 594. 954ರಿಂದ 459 ಕಳೆದು 495. ಮುಂದೆ ಎಷ್ಟು ಕಳೆದರೂ 495 ಕದಲುವುದಿಲ್ಲ. ಬೇರೆ ಸಂಖ್ಯೆಯಿಂದ ಹೊರಟರೂ ಬಂದು ನಿಲ್ಲುವುದು ಅಲ್ಲಿಯೇ. (ನಡುವೆ 99 ಬಂದರೆ ಅದನ್ನು 099 ಎಂದು ಬರೆದುಕೊಳ್ಳಬೇಕು.) ಈ 495ನ್ನು ಮಾತ್ರ ದೊಡ್ಡವರು ಮೊದಲೇ ಬಾಯಿಬಿಡಬಾರದು, ಹೇಳಿಬಿಟ್ಟರೆ ಒಗಟು ಅಲ್ಲಿಗೇ ಸತ್ತಿತು.

ಇಷ್ಟಕ್ಕೇ ನಿಲ್ಲಿಸಿದರೆ ಇದು ಬರೀ ಚಮತ್ಕಾರ. ಬಹಳಷ್ಟು ಒಗಟುಗಳನ್ನು ನಾವು ಇಲ್ಲಿಯೇ ಕೈಬಿಡುತ್ತೇವೆ. ನಿಜವಾದ ಕೆಲಸ ಶುರುವಾಗುವುದು ಮುಂದಿನ ಪ್ರಶ್ನೆಯಿಂದ: ಎಲ್ಲ ಸಂಖ್ಯೆಗಳೂ 495ಕ್ಕೇ ಬರುತ್ತವೆಂದು ಹೇಗೆ ಗೊತ್ತು? ಪರೀಕ್ಷಿಸಬೇಕಾದ ಸಂಖ್ಯೆಗಳು 891. ಹತ್ತು ಸಂಖ್ಯೆಗಳಿಗೆ ಸರಿಹೋಯಿತು ಎಂಬುದು ಉಳಿದ 881ರ ಬಗ್ಗೆ ಏನನ್ನೂ ಹೇಳುವುದಿಲ್ಲ.

ಉತ್ತರಗಳನ್ನು ಸಾಲಾಗಿ ಬರೆದು ನೋಡಿದ ಮಗುವಿಗೆ ಒಂದು ವಿಷಯ ಕಣ್ಣಿಗೆ ಬಿದ್ದೇ ಬೀಳುತ್ತದೆ: ನಡುವಿನ ಅಂಕಿ ಯಾವಾಗಲೂ 9. ಕಾರಣ ಸ್ಥಾನಬೆಲೆಯಲ್ಲಿದೆ. ಬಿಡಿ ಸ್ಥಾನದಲ್ಲಿ ಚಿಕ್ಕ ಅಂಕಿಯಿಂದ ದೊಡ್ಡದನ್ನು ಕಳೆಯಬೇಕಾಗಿರುವುದರಿಂದ ಹತ್ತರ ಸ್ಥಾನದಿಂದ ಒಂದನ್ನು ಎರವಲು ಪಡೆಯಲೇಬೇಕು. ಹತ್ತರ ಸ್ಥಾನದಲ್ಲಿ ಮೇಲೆ ಕೆಳಗೆ ಇರುವುದು ಒಂದೇ ಅಂಕಿ. ಒಂದನ್ನು ಕೊಟ್ಟ ಮೇಲೆ ಅದೂ ನೂರರ ಸ್ಥಾನದಿಂದ ಎರವಲು ತರಬೇಕು, ಆಗ ಉಳಿಯುವುದು 9. ಇನ್ನೂ ಸ್ವಲ್ಪ ಕೆದಕಿದರೆ, ಅತಿ ದೊಡ್ಡ ಮತ್ತು ಅತಿ ಚಿಕ್ಕ ಅಂಕಿಗಳ ವ್ಯತ್ಯಾಸವನ್ನು 99ರಿಂದ ಗುಣಿಸಿದರೆ ಸಿಗುವುದೇ ಉತ್ತರ ಎಂದು ತಿಳಿಯುತ್ತದೆ. ಆ ವ್ಯತ್ಯಾಸ 1ರಿಂದ 9ರವರೆಗೆ ಮಾತ್ರ ಇರಲು ಸಾಧ್ಯ. ಅಂದರೆ 891 ಸಂಖ್ಯೆಗಳೂ ಮೊದಲ ಕಳೆಯುವಿಕೆಯಲ್ಲೇ ಒಂಬತ್ತು ಉತ್ತರಗಳೊಳಗೆ ಬಂದು ಸೇರುತ್ತವೆ: 099, 198, 297, 396, 495, 594, 693, 792, 891. ಇವುಗಳಲ್ಲೂ 198 ಮತ್ತು 891ರಂತೆ ಅಂಕಿಗಳು ಅವೇ ಆಗಿ ಕ್ರಮ ಮಾತ್ರ ಬದಲಾದ ಜೋಡಿಗಳಿವೆ, ಅಂಥ ಜೋಡಿಯ ಎರಡಕ್ಕೂ ಮುಂದಿನ ಉತ್ತರ ಒಂದೇ. ಇನ್ನುಳಿದಿರುವುದು ಒಂದೇ ಸಾಲಿನ ಕೆಲಸ: 099ರಿಂದ 891, ಅದರಿಂದ 792, 693, 594, ಕೊನೆಗೆ 495. ಹೆಚ್ಚೆಂದರೆ ಆರು ಹಂತ. ಬೀಜಗಣಿತದ ಗಂಧವೇ ಇಲ್ಲದ ಮಗು ಹೀಗೆ ಒಂದು ಪೂರ್ಣ ರುಜುವಾತನ್ನು, ಒಂದು ಸಂಖ್ಯೆಯನ್ನೂ ಬಿಡದೆ, ಬರೆದು ಮುಗಿಸುತ್ತದೆ. ಎರವಲು ಪಡೆದು ಕಳೆಯುವ ಅಭ್ಯಾಸವೂ ಗೊಣಗಾಟವಿಲ್ಲದೆ ಆಗಿಬಿಡುತ್ತದೆ. ತಪ್ಪಿದರೆ ಶಿಕ್ಷಕರು ತಿದ್ದಬೇಕಾಗಿಯೂ ಇಲ್ಲ. ನಡುವೆ 9 ಬರದಿದ್ದರೆ ಎಲ್ಲೋ ಎಡವಿದೆ ಎಂದು ಮಗುವಿಗೇ ಗೊತ್ತಾಗುತ್ತದೆ.

ಮುಂದಿನ ಪ್ರಶ್ನೆಯನ್ನು ಮಕ್ಕಳೇ ಕೇಳುತ್ತಾರೆ, ಕೇಳದಿದ್ದರೆ ಸ್ವಲ್ಪ ಕೆಣಕಬಹುದು: ಅಂಕಿಗಳು ನಾಲ್ಕಾದರೆ? ಅಲ್ಲಿ ನಿಲ್ಲುವ ಸಂಖ್ಯೆ 6174, ತಲುಪಲು ಹೆಚ್ಚೆಂದರೆ ಏಳು ಹಂತ. ಇದನ್ನು ಕಂಡುಹಿಡಿದವರು ಮಹಾರಾಷ್ಟ್ರದ ದೇವಳಾಲಿಯ ಶಾಲಾ ಶಿಕ್ಷಕ ದ. ರಾ. ಕಾಪ್ರೇಕರ್, ಗಣಿತ ಲೋಕ ಅದನ್ನು ಈಗ ಕಾಪ್ರೇಕರ್ ಸ್ಥಿರಾಂಕ ಎನ್ನುತ್ತದೆ. ಇಲ್ಲಿ ಮೊದಲ ಹಂತದ ಉತ್ತರಗಳು ಒಂಬತ್ತಲ್ಲ, 54. ಹಟವಿರುವ ಮಗು ಅದನ್ನೂ ಮುಗಿಸಬಲ್ಲದು. ಎರಡಂಕಿಗೆ ಇಳಿದರೆ ಆಟವೇ ಬೇರೆ: 09, 81, 63, 27, 45, ಮತ್ತೆ 09. ಸಂಖ್ಯೆ ಎಲ್ಲಿಯೂ ನಿಲ್ಲದೆ ಸುತ್ತುತ್ತಲೇ ಇರುತ್ತದೆ. ಮೂರಕ್ಕೂ ನಾಲ್ಕಕ್ಕೂ ಹೊಂದಿದ ನಿಯಮ ಎರಡಕ್ಕೂ ಹೊಂದಲೇಬೇಕು ಎಂಬ ನಂಬಿಕೆ ಇಲ್ಲಿ ಮುರಿಯುತ್ತದೆ. ಚುರುಕು ಮಕ್ಕಳಿಗೆ ಈ ಪೆಟ್ಟು ಚಿಕ್ಕಂದಿನಲ್ಲೇ ಬೀಳುವುದು ಒಳ್ಳೆಯದು ಎಂದೇ ನನ್ನ ಅಭಿಪ್ರಾಯ.

ಇಂಥ ಒಗಟಿಗೆ ಗಡಿಯಾರ ಇಡಬಾರದು, ಅಂಕ ಕೊಡಲೂಬಾರದು. ವೇಗಕ್ಕೆ ಬಹುಮಾನ ಸಿಗುತ್ತದೆಂದು ಗೊತ್ತಾದ ಕೂಡಲೇ ಮಗು ‘ಏಕೆ’ ಎಂದು ಕೇಳುವುದನ್ನು ನಿಲ್ಲಿಸುತ್ತದೆ. ಸುಡೊಕುವಿನ ಮೇಲೆ ನನಗೆ ಸಣ್ಣ ತಕರಾರಿರುವುದೂ ಬಹುಮಟ್ಟಿಗೆ ಇದಕ್ಕಾಗಿಯೇ: ಕೊನೆಯ ಚೌಕ ತುಂಬಿತೆಂದರೆ ಅಲ್ಲಿ ಕೇಳಲು ಏನೂ ಉಳಿಯುವುದಿಲ್ಲ. ಅಂಕಿಗಳ ಬದಲು ಒಂಬತ್ತು ಚಿತ್ರಗಳನ್ನಿಟ್ಟರೂ ಅದು ನಡೆಯುತ್ತದೆ.

495ನ್ನು ಜೀರ್ಣಿಸಿಕೊಂಡವರಿಗೆ ಇನ್ನೊಂದು ಒಗಟು. 15ನ್ನು ಕ್ರಮಾನುಗತ ಸಂಖ್ಯೆಗಳ ಮೊತ್ತವಾಗಿ ಮೂರು ಬಗೆಯಲ್ಲಿ ಬರೆಯಬಹುದು: 7+8, 4+5+6, 1+2+3+4+5. 9ಕ್ಕೆ ಎರಡೇ ಬಗೆ, 7ಕ್ಕೆ ಒಂದೇ. 8ಕ್ಕೆ ಎಷ್ಟು ತಿಣುಕಿದರೂ ಒಂದೂ ಸಿಗುವುದಿಲ್ಲ; 4 ಮತ್ತು 16 ಕೂಡ ಅಷ್ಟೇ ಮೊಂಡು. ಈ ಮೊಂಡು ಸಂಖ್ಯೆಗಳ ಪಟ್ಟಿಯನ್ನು 100ರವರೆಗೆ ಬೆಳೆಸಲು ಹೇಳಿ ದೊಡ್ಡವರು ಸುಮ್ಮನಿದ್ದುಬಿಡಬೇಕು. 45ಕ್ಕೆ ಐದು ಬಗೆಗಳಿವೆ ಎಂದು ಕಂಡುಕೊಂಡು ಇನ್ನೂ ಒದ್ದಾಡುತ್ತಿರುವವರಿಗೆ ಮಾತ್ರ ಒಂದು ಸುಳಿವು: 45ನ್ನು ಶೇಷವಿಲ್ಲದೆ ಭಾಗಿಸುವ ಬೆಸ ಸಂಖ್ಯೆಗಳು, 1ನ್ನು ಬಿಟ್ಟು, ಎಷ್ಟಿವೆ ಎಂದು ಎಣಿಸಲಿ.