ಒಂದು ಬಕೆಟಿಗೆ ಎಷ್ಟು ಮುಚ್ಚಳ ಸೋಪು?

ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆ ಕಾರು ಇಟ್ಟುಕೊಂಡವರಿಗೆ ಈ ವಿಷಯ ಬಿಡಿಸಿ ಹೇಳಬೇಕಾಗಿಲ್ಲ. ಡಾಮರು ರಸ್ತೆ ಬಿಟ್ಟು ತೋಟದ ಮನೆಗೆ ಇಳಿಯುವ ಮಣ್ಣಿನ ದಾರಿಯಲ್ಲಿ ಮಳೆಗಾಲದಲ್ಲಿ ಒಂದು ಸಲ ಹೋಗಿ ಬಂದರೆ ಸಾಕು, ಬಾಗಿಲಿನ ಅರ್ಧದವರೆಗೆ ಕೆಂಪು ಕೆಸರು. ವರ್ಷಕ್ಕೆ 3000 ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ಜಿಲ್ಲೆ ಕಾಸರಗೋಡು. ಮಳೆ ಮುಗಿದ ಮೇಲೆ ಅದೇ ಕೆಸರು ಧೂಳಾಗಿ ಗಾಜಿನ ಸಂದಿಗೂ ಬಾಗಿಲಿನ ರಬ್ಬರಿಗೂ ಸೇರಿಕೊಳ್ಳುತ್ತದೆ. ಪ್ರತಿ ವಾರ ಸರ್ವಿಸ್ ಸ್ಟೇಷನ್ನಿಗೆ ಒಯ್ದರೆ ಕೈ ಸುಡುತ್ತದೆ. ಹಾಗಾಗಿ ಹೆಚ್ಚಿನವರು ಅಂಗಳದಲ್ಲೇ ತೊಳೆಯುತ್ತಾರೆ. ಕೇಳುವ ಪ್ರಶ್ನೆಯೂ ಒಂದೇ: ಯಾವ ಸೋಪು ಅಗ್ಗ?

ಬಾಟಲಿಯ ಬೆಲೆ ನೋಡಿದರೆ ಇದಕ್ಕೆ ಉತ್ತರ ಸಿಗುವುದಿಲ್ಲ. ಒಂದು ಬಕೆಟ್ ನೀರಿಗೆ ಎಷ್ಟು ರೂಪಾಯಿಯ ಸೋಪು ಬೀಳುತ್ತದೆ, ಆ ಸೋಪು ಬಣ್ಣಕ್ಕೆ ಏನು ಮಾಡುತ್ತದೆ, ಈ ಎರಡು ಗೊತ್ತಿದ್ದರೆ ಸಾಕು. ಎರಡಕ್ಕೂ ಸ್ವಲ್ಪ ರಸಾಯನ ವಿಜ್ಞಾನ ಬೇಕು, ಅಷ್ಟೇ.

ಮೊದಲು ಕೊಳೆ ಯಾವುದು ಅಂತ ನೋಡೋಣ. ನಮ್ಮ ಕೆಂಪು ಮಣ್ಣು ಮುರಕಲ್ಲಿನದು. ಲಕ್ಷಾಂತರ ವರ್ಷ ಮಳೆ ಹೊಯ್ದು ಬಂಡೆಯ ಸುಣ್ಣದ ಅಂಶವೆಲ್ಲ ಕೊಚ್ಚಿಹೋಗಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಆಕ್ಸೈಡ್ ಉಳಿದಾಗ ಈ ಕಲ್ಲು ಆಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟಿಷ್ ವೈದ್ಯ ಮಲಬಾರಿನ ಅಂಗಾಡಿಪುರಂನಲ್ಲಿ ಇದನ್ನು ನೋಡಿ, 1807ರಲ್ಲಿ ಅಚ್ಚಾದ ತನ್ನ ಪ್ರವಾಸದ ಪುಸ್ತಕದಲ್ಲಿ ಲ್ಯಾಟರೈಟ್ ಎಂದು ಕರೆದ. ಈ ಮಣ್ಣಿನಲ್ಲಿ ಮೆತ್ತಗಿನ ಜೇಡಿಯೂ ಇದೆ, ಗಟ್ಟಿಯಾದ ಸ್ಫಟಿಕ ಮರಳಿನ ಕಣಗಳೂ ಇವೆ. ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಸ್ಫಟಿಕ 7ರಲ್ಲಿದೆ. ಗಾಜನ್ನೇ ಗೀರುವಷ್ಟು ಗಟ್ಟಿ.

ಅದು ಕೂತಿರುವುದು ಯಾವುದರ ಮೇಲೆ? ಕಾರಿನ ಬಣ್ಣದ ಮೇಲೆ ಪಾರದರ್ಶಕವಾದ ಒಂದು ಪದರ ಇರುತ್ತದೆ, ಕ್ಲಿಯರ್ ಕೋಟ್ ಅಂತಾರೆ. ಸಾಮಾನ್ಯವಾಗಿ 40–50 ಮೈಕ್ರಾನ್ ದಪ್ಪ, ಅಂದ್ರೆ ತಲೆಕೂದಲಿಗಿಂತಲೂ ತೆಳು. ಹೊಳಪೆಲ್ಲ ಇರುವುದು ಇದರಲ್ಲೇ. ಒಣಗಿದ ಕೆಂಪು ಮಣ್ಣಿನ ಮೇಲೆ ಚಂಡಿ ಬಟ್ಟೆ ಹಾಕಿ ಉಜ್ಜಿದರೆ ಸ್ಫಟಿಕದ ಕಣಗಳು ಈ ಪದರವನ್ನು ಗೀರುತ್ತಾ ಹೋಗುತ್ತವೆ. ಬೆಳಗಿನ ಓರೆ ಬಿಸಿಲಲ್ಲಿ ಕಪ್ಪು ಅಥವಾ ನೀಲಿ ಕಾರಿನ ಬಾನೆಟ್ ನೋಡಿ. ಸೂರ್ಯನ ಪ್ರತಿಬಿಂಬದ ಸುತ್ತ ಜೇಡರ ಬಲೆಯ ಹಾಗೆ ವೃತ್ತಾಕಾರದ ಸಣ್ಣ ಗೀರುಗಳು ಕಾಣಿಸುತ್ತವೆ. ಅವುಗಳಲ್ಲಿ ಬಹುಪಾಲು ರಸ್ತೆಯಲ್ಲಿ ಬಿದ್ದವಲ್ಲ, ತೊಳೆಯುವಾಗ ಬಿದ್ದವು.

ಹಾಗಾಗಿ ಒಳ್ಳೆ ಸೋಪಿನ ಮೊದಲ ಕೆಲಸ ಜಾರಿಸುವುದು. ಕಣ ಮತ್ತು ಬಣ್ಣದ ನಡುವೆ ನುಸುಳಿ, ಕಣವನ್ನು ಎತ್ತಿ, ಬಟ್ಟೆಗೂ ಬಣ್ಣಕ್ಕೂ ತಿಕ್ಕಾಟ ಕಡಿಮೆ ಮಾಡಬೇಕು. ಎಣ್ಣೆ ಜಿಡ್ಡು ತೆಗೆಯುವುದು ಎರಡನೆಯ ಮಾತು.

ಇದು ಹೇಗೆ ಆಗುತ್ತದೆ? ಸೋಪಿನ ಅಣುವಿಗೆ ನೀರನ್ನು ಇಷ್ಟಪಡುವ ತಲೆ, ಎಣ್ಣೆಯನ್ನು ಇಷ್ಟಪಡುವ ಉದ್ದ ಬಾಲ. ನೀರಿಗೆ ಹಾಕಿದ ಕೂಡಲೇ ಈ ಅಣುಗಳು ನೀರಿನ ಮೇಲ್ಮೈಗೆ ಬಂದು ಸಾಲಾಗಿ ನಿಲ್ಲುತ್ತವೆ. ಶುದ್ಧ ನೀರಿನ ಮೇಲ್ಮೈ ಎಳೆತ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮೀಟರಿಗೆ ಸುಮಾರು 72 ಮಿಲಿನ್ಯೂಟನ್. ಸೋಪು ಬಿದ್ದಾಗ ಅದು ಇಳಿಯುತ್ತಾ 30–35ರ ಹತ್ತಿರ ಬರುತ್ತದೆ. ಆಗ ನೀರು ಹನಿಯಾಗಿ ಉರುಳದೆ ಹರಡಿಕೊಂಡು ಕೊಳೆಯ ಕೆಳಗೆ ಇಳಿಯುತ್ತದೆ. ಇನ್ನೂ ಸೋಪು ಹಾಕಿದರೆ? ಮೇಲ್ಮೈ ತುಂಬಿಹೋಗಿದೆ, ಅಲ್ಲಿ ಜಾಗ ಇಲ್ಲ. ಉಳಿದ ಅಣುಗಳು ನೀರಿನ ಒಳಗೆ ಬಾಲ ಒಳಗೆ, ತಲೆ ಹೊರಗೆ ಮಾಡಿಕೊಂಡು ಸಣ್ಣ ಗುಂಪುಗಳಾಗುತ್ತವೆ. ಇವೇ ಮೈಸೆಲ್‌ಗಳು. ಈ ಹಂತ ದಾಟಿದ ಮೇಲೆ ಎಷ್ಟು ಸುರಿದರೂ ಮೇಲ್ಮೈ ಎಳೆತ ಇಳಿಯುವುದಿಲ್ಲ.

ಇಲ್ಲೇ ದುಡ್ಡಿನ ಲೆಕ್ಕ ಇರುವುದು. ಟೂತ್‌ಪೇಸ್ಟಿನಲ್ಲಿ ಇರುವ ಸೋಡಿಯಂ ಲಾರಿಲ್ ಸಲ್ಫೇಟಿಗೆ ಈ ಹಂತ ಲೀಟರಿಗೆ ಸುಮಾರು 2.3 ಗ್ರಾಂ. ಹೆಚ್ಚಿನ ಶಾಂಪೂಗಳಲ್ಲಿ ಇರುವ ಅದರ ತಮ್ಮ, ಸೋಡಿಯಂ ಲಾರೆತ್ ಸಲ್ಫೇಟಿಗೆ, ಇದಕ್ಕಿಂತ ತುಂಬಾ ಕಡಿಮೆ ಸಾಕು. ಅಂದ್ರೆ 10 ಲೀಟರಿನ ಬಕೆಟಿಗೆ ನಿಜವಾದ ಸೋಪಿನ ಅಂಶ ಕೆಲವೇ ಗ್ರಾಂ ಬೇಕು. ಕೊಳೆಯೂ ಸ್ವಲ್ಪ ಸೋಪನ್ನು ಹಿಡಿದುಕೊಳ್ಳುತ್ತದೆ, ಮೈಸೆಲ್‌ಗಳು ಜಿಡ್ಡನ್ನು ಹೊತ್ತು ಒಯ್ಯಬೇಕು, ಹಾಗಾಗಿ ತುಸು ಜಾಸ್ತಿ ಹಾಕಬೇಕು ಅಂತಿಟ್ಟುಕೊಳ್ಳಿ. ಆದರೂ ಕೈಯಂದಾಜಿನಲ್ಲಿ ಬಾಟಲಿ ಓರೆ ಮಾಡಿ ಸುರಿಯುವಷ್ಟು ಖಂಡಿತ ಬೇಡ.

ಒಂದು ಉದಾಹರಣೆ ಹಾಕೋಣ. ಒಂದು ಲೀಟರಿನ ಕಾರು ಶಾಂಪೂಗೆ 200 ರೂಪಾಯಿ ಅಂದುಕೊಳ್ಳಿ. ಬಾಟಲಿಯ ಹಿಂಬದಿಯ ಚೀಟಿಯಲ್ಲಿ ಬಕೆಟಿಗೆ 100 ಮಿಲಿ ಹಾಕಿ ಅಂತಿದೆ. ಬಕೆಟಿಗೆ 20 ರೂಪಾಯಿ ಆಯಿತು. ಪಕ್ಕದಲ್ಲಿ ಇನ್ನೊಂದು, ಅರ್ಧ ಲೀಟರಿಗೆ 500 ರೂಪಾಯಿ. ನೋಡಿದ ಕೂಡಲೇ ದುಬಾರಿ ಅನಿಸುತ್ತದೆ. ಚೀಟಿಯಲ್ಲಿ ಬಕೆಟಿಗೆ 10 ಮಿಲಿ ಅಂತಿದ್ದರೆ, ಅದರ ಲೆಕ್ಕ 10 ರೂಪಾಯಿ. ಅರ್ಧ ಬೆಲೆ! ಬೆಲೆಯನ್ನು ಬಾಟಲಿಯ ಮಿಲಿಯಿಂದ ಭಾಗಿಸಿ, ಬಕೆಟಿಗೆ ಬೇಕಾದ ಮಿಲಿಯಿಂದ ಗುಣಿಸಿ, ಅಷ್ಟೇ. ಅಂಗಡಿಯಲ್ಲಿ ನಿಂತು ಮೊಬೈಲಿನಲ್ಲೇ ಮಾಡಬಹುದು. ಅಳತೆ ಬರೆಯದ ಬಾಟಲಿಯನ್ನು ನಾನಂತೂ ಕೊಳ್ಳುವುದಿಲ್ಲ.

ಮಂದವಾಗಿದ್ದರೆ ಶಕ್ತಿ ಜಾಸ್ತಿ ಅಂತ ನಂಬುವವರು ತುಂಬಾ ಜನ. ಲಾರೆತ್ ಸಲ್ಫೇಟ್ ಇರುವ ನೀರಿಗೆ ಸ್ವಲ್ಪ ಅಡುಗೆ ಉಪ್ಪು ಹಾಕಿದರೆ ಮೈಸೆಲ್‌ಗಳು ಉದ್ದುದ್ದ ಹುಳಗಳ ಹಾಗೆ ಬೆಳೆದು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ, ದ್ರವ ಮಂದವಾಗುತ್ತದೆ. ತಯಾರಕರು ಮಾಡುವುದೂ ಇದನ್ನೇ. ಮೋಸ ಅಂತಲ್ಲ, ಸುರಿಯಲು ಅನುಕೂಲ. ಆದರೆ ಮಂದ ನೋಡಿ ಸೋಪಿನ ಅಂಶ ಅಳೆಯಲು ಬರುವುದಿಲ್ಲ. ನೊರೆಯ ಕಥೆಯೂ ಅಷ್ಟೇ. ನೊರೆ ಅಂದ್ರೆ ಸೋಪಿನ ತೆಳು ಪೊರೆಯೊಳಗೆ ಸಿಕ್ಕಿದ ಗಾಳಿ. ಎಲ್ಲಿ ಉಜ್ಜಿ ಆಯಿತು, ಎಲ್ಲಿ ಬಾಕಿ ಅಂತ ತೋರಿಸಲು ಉಪಯೋಗ. ಕೊಳೆ ತೆಗೆಯುವುದು ಅದರ ಕೆಳಗಿನ ನೀರು.

ಈಗ ಬಟ್ಟೆ ಒಗೆಯುವ ಪುಡಿಯ ವಿಷಯ. ಮನೆಯಲ್ಲಿ ಹೇಗೂ ಇರುತ್ತದೆ, ಒಂದು ಹಿಡಿ ಹಾಕಿದರಾಯಿತು ಅಂತ ಎಷ್ಟೋ ಜನ ಹಾಕುತ್ತಾರೆ. ದಯವಿಟ್ಟು ಬೇಡ. ಅದರಲ್ಲಿ ವಾಷಿಂಗ್ ಸೋಡಾ, ಅಂದ್ರೆ ಸೋಡಿಯಂ ಕಾರ್ಬೊನೇಟ್, ಧಾರಾಳವಾಗಿ ಇರುತ್ತದೆ. ನೀರಿಗೆ ಬಿದ್ದರೆ ಪಿಎಚ್ 10ರ ಆಸುಪಾಸಿಗೆ ಏರುತ್ತದೆ, ಅಂದ್ರೆ ನೀರು ಕ್ಷಾರೀಯವಾಗುತ್ತದೆ. ಹತ್ತಿ ಬಟ್ಟೆಯ ಬೆವರು ತೆಗೆಯಲು ಅದು ಬೇಕು. ಕಾರಿನಲ್ಲಿ ಅದು ಬಣ್ಣದ ರಕ್ಷಣೆಗೆ ಹಚ್ಚಿದ ಮೇಣದ ಪದರವನ್ನು ಕಿತ್ತುಹಾಕುತ್ತದೆ, ಅಲ್ಯೂಮಿನಿಯಂ ಅಂಚನ್ನು ಮಂಕು ಮಾಡುತ್ತದೆ, ಕಪ್ಪು ಪ್ಲಾಸ್ಟಿಕ್ಕನ್ನು ಬಿಳಿಚುವಂತೆ ಮಾಡುತ್ತದೆ. ಸರಿಯಾಗಿ ಕರಗದ ಕಾಳುಗಳು ಗೀರುವುದು ಬೇರೆ.

ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ಒಂದು ಚಿಟಿಕೆ ಅರಿಶಿನ ಪುಡಿಯನ್ನು ನೀರಲ್ಲಿ ಕಲಸಿ ಬಿಳಿ ಕಾಗದಕ್ಕೆ ಬಳಿಯಿರಿ, ಒಣಗಲು ಬಿಡಿ. ಅದರ ಮೇಲೆ ಒಗೆಯುವ ಪುಡಿ ಕರಗಿಸಿದ ನೀರನ್ನು ಒಂದು ಹನಿ ಬಿಡಿ. ಹನಿ ಬಿದ್ದ ಜಾಗ ಕ್ಷಣದಲ್ಲೇ ಇಟ್ಟಿಗೆ ಕೆಂಪಾಗುತ್ತದೆ, ಅಂಚಿನಲ್ಲಿ ಕೆಂಪು ಹರಡುತ್ತಾ ಹೋಗುವುದು ಕಣ್ಣಿಗೇ ಕಾಣುತ್ತದೆ. ಅರಿಶಿನಕ್ಕೆ ಸುಣ್ಣ ಸೇರಿಸಿ ಆರತಿ ನೀರು ಕೆಂಪಗೆ ಮಾಡುತ್ತೇವಲ್ಲ, ಅದೇ ರಸಾಯನ. ಅರಿಶಿನದ ಕರ್ಕ್ಯುಮಿನ್ ಕ್ಷಾರ ಸಿಕ್ಕರೆ ಬಣ್ಣ ಬದಲಿಸುತ್ತದೆ. ಪಕ್ಕದಲ್ಲಿ ಮೈ ಸೋಪಿನ ನೀರಿನ ಹನಿ ಬಿಡಿ, ಅದೂ ಕೆಂಪಾಗುತ್ತದೆ, ಯಾಕೆಂದರೆ ಎಣ್ಣೆ ಮತ್ತು ಕಾಸ್ಟಿಕ್ ಸೋಡಾದಿಂದ ಮಾಡಿದ ಸೋಪು ಕ್ಷಾರೀಯವೇ. ಕಾರು ಶಾಂಪೂ ನೀರಿನ ಹನಿಗೆ ಹಳದಿ ಹಳದಿಯಾಗಿಯೇ ಉಳಿಯಬೇಕು. ಕೆಂಪಾದರೆ ಆ ಬಾಟಲಿ ವಾರ ವಾರ ಬಳಸಲು ತಕ್ಕದ್ದಲ್ಲ. ಪ್ರೆಷರ್ ವಾಷರಿಗೆ ಅಂತ ಮಾರುವ ಕೆಲವು ಫೋಮ್‌ಗಳು ಕ್ಷಾರೀಯವೇ ಇರುತ್ತವೆ, ಅವನ್ನೂ ಹೀಗೆ ನೋಡಿಕೊಳ್ಳಿ.

ಪಾತ್ರೆ ತೊಳೆಯುವ ದ್ರವ ಸಾಮಾನ್ಯವಾಗಿ ತಟಸ್ಥ, ಬಣ್ಣವನ್ನು ಸುಡುವುದಿಲ್ಲ. ಆದರೆ ಜಿಡ್ಡು ಬಿಡಿಸಲು ಹುಟ್ಟಿದ ದ್ರವ ಅದು, ಮೇಣವನ್ನೂ ಬಿಡಿಸುತ್ತದೆ. ಹೊಸದಾಗಿ ಮೇಣ ಹಚ್ಚುವ ಮೊದಲು ಒಂದು ಸಲ ಬಳಸಿದರೆ ತೊಂದರೆಯಿಲ್ಲ, ವಾರ ವಾರ ಬೇಡ. ಪಾತ್ರೆಯ ಸೋಪಿನ ಬಿಲ್ಲೆಯನ್ನಂತೂ ಕಾರಿನ ಹತ್ತಿರ ತರಬೇಡಿ, ಅದರಲ್ಲಿ ಉಜ್ಜಲೆಂದೇ ಕಲ್ಲಿನ ಪುಡಿ ಸೇರಿಸಿರುತ್ತಾರೆ. ತಲೆಗೆ ಹಾಕುವ ಶಾಂಪೂ? ಕಾರು ಶಾಂಪೂ ಮುಗಿದಿದೆ, ನಾಳೆ ಬೆಳಿಗ್ಗೆ ಮದುವೆಗೆ ಹೋಗಬೇಕು ಅಂತಾದರೆ ಒಂದೆರಡು ಸ್ಯಾಚೆ ಸಾಕಾಗುತ್ತದೆ. ಕಂಡೀಷನರ್ ಸೇರಿದ್ದು ಮಾತ್ರ ಬೇಡ, ಅದು ಗಾಜಿನ ಮೇಲೆ ಮಂಜಿನಂಥ ಪೊರೆ ಬಿಡುತ್ತದೆ. ಅಂಟುವಾಳಕಾಯಿಯಲ್ಲಿರುವ ಸಪೋನಿನ್ ಕೂಡ ಸೋಪಿನ ಕೆಲಸ ಮಾಡುತ್ತದೆ, ಕ್ಷಾರೀಯವೂ ಅಲ್ಲ. ಕುದಿಸಿ ಬಟ್ಟೆಯಲ್ಲಿ ಚೆನ್ನಾಗಿ ಸೋಸಬೇಕು, ಸಿಪ್ಪೆಯ ಚೂರು ಉಳಿಯಬಾರದು. ಹಿತ್ತಲಲ್ಲಿ ಮರ ಇದ್ದವರಿಗೆ ಪುಕ್ಕಟೆ.

ಅಂದ ಹಾಗೆ, ಶಾಂಪೂವಿನ ಲಾರಿಲ್ ಬಾಲ ನಮ್ಮ ತೆಂಗಿಗೆ ಹೊಸದೇನಲ್ಲ. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಹತ್ತಿರ ಹತ್ತಿರ ಅರ್ಧ ಭಾಗ 12 ಕಾರ್ಬನ್ನಿನ ಲಾರಿಕ್ ಆಮ್ಲ. 1916ರಲ್ಲಿ ಕಾಸರಗೋಡಿನಲ್ಲಿ ಶುರುವಾದ ತೆಂಗಿನ ಸಂಶೋಧನಾ ಕೇಂದ್ರವೇ ಇಂದಿನ ಸಿಪಿಸಿಆರ್‌ಐ, ಅಂದ್ರೆ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ. ಅಲ್ಲಿ ನೋಡಿಕೊಳ್ಳುವ ಮರದ ಎಣ್ಣೆಯಲ್ಲೇ ಶಾಂಪೂ ಕಾರ್ಖಾನೆಗೆ ಬೇಕಾದ ಕಚ್ಚಾ ಮಾಲು ಇದೆ. ತಾಳೆಬೀಜದ ಎಣ್ಣೆಯಲ್ಲೂ ಇದೆ.

ನೀರು ಯಾವುದು ಅನ್ನುವುದೂ ಲೆಕ್ಕಕ್ಕೆ ಬರುತ್ತದೆ. ಬಾಯಾರು, ಪಡ್ರೆ ಕಡೆ ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರು ಇದೆಯಲ್ಲ, ಅದು ಮೆದು ನೀರು. ಮುರಕಲ್ಲಿನಲ್ಲಿ ಸುಣ್ಣದ ಅಂಶ ಉಳಿದಿಲ್ಲ, ಹಾಗಾಗಿ ಅದರ ಮೂಲಕ ಇಳಿದ ಮಳೆನೀರಿಗೂ ಸುಣ್ಣ ಸೇರುವುದಿಲ್ಲ. ಇಂಥ ನೀರಿಗೆ ಶಾಂಪೂ ಕಡಿಮೆ ಸಾಕು, ಒಣಗಿದ ಮೇಲೆ ಬಿಳಿ ಚುಕ್ಕೆಯೂ ಉಳಿಯುವುದಿಲ್ಲ. ಕುಂಬಳೆ, ಉಪ್ಪಳ, ಮಂಜೇಶ್ವರದ ಕಡಲ ಬದಿಯ ಬಾವಿಗಳು ಬೇಸಿಗೆಯಲ್ಲಿ ಉಪ್ಪಾಗುವುದುಂಟು. ಅಲ್ಲಿ ಕೊನೆಯ ಒಂದು ಬಕೆಟಾದರೂ ಸಿಹಿನೀರು ಹಾಕಿ ಕೂಡಲೇ ಒರೆಸುವುದು ಒಳ್ಳೆಯದು. ನೀರು ಗಡಸೋ ಅಂತ ತಿಳಿಯಲು ಬಾಟಲಿಯಲ್ಲಿ ಅರ್ಧ ನೀರು ತುಂಬಿ, ಮೈ ಸೋಪಿನ ಒಂದು ಚೂರು ಹಾಕಿ ಕುಲುಕಿ. ನೊರೆ ನಿಂತರೆ ಮೆದು. ನೊರೆ ಬರದೆ ಮೊಸರಿನಂಥ ಚೂರುಗಳು ತೇಲಿದರೆ ಗಡಸು. ಶಾಂಪೂ ಗಡಸು ನೀರಲ್ಲೂ ಹೀಗೆ ಒಡೆಯುವುದಿಲ್ಲ, ಮೈ ಸೋಪಿಗಿಂತ ಅದು ಮೇಲು ಅನ್ನಲು ಇದೂ ಒಂದು ಕಾರಣ.

ಸೋಪಿಗೆ ಬಗ್ಗದ ಕಲೆ ಒಂದಿದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಅಡಿಕೆಗೆ ಮದ್ದು ಬಿಡುವಾಗ ಕಾರು ತೋಟದ ಬದಿಯಲ್ಲಿದ್ದರೆ ಬೋರ್ಡೋ ದ್ರಾವಣದ ಹನಿ ಬಿದ್ದು ನೀಲಿ-ಬಿಳಿ ಚುಕ್ಕೆಗಳಾಗುತ್ತವೆ. ಮೈಲುತುತ್ತು ಮತ್ತು ಸುಣ್ಣದ ಮಿಶ್ರಣ ಅದು, ಮಳೆಗೂ ತೊಳೆಯದ ಹಾಗೆ ಎಲೆಗೆ, ಕಾಯಿಗೆ ಅಂಟಿ ಕೂರಲೆಂದೇ ಮಾಡಿದ್ದು. ಇದರಲ್ಲಿ ಎಣ್ಣೆ ಇಲ್ಲ, ಇರುವುದು ಖನಿಜ. ಎಷ್ಟು ದುಬಾರಿ ಶಾಂಪೂ ತಂದರೂ ಹೋಗುವುದಿಲ್ಲ, ಉಜ್ಜಿದರೆ ಗೀರು ಬೀಳುತ್ತದೆ. ಆಮ್ಲಕ್ಕೆ ಮಾತ್ರ ಕರಗುತ್ತದೆ. ಬಿಳಿ ವಿನೆಗರಿಗೆ ಅದರ ನಾಲ್ಕೈದು ಪಟ್ಟು ನೀರು ಸೇರಿಸಿ, ಮೆತ್ತಗಿನ ಬಟ್ಟೆ ಅದ್ದಿ, ಚುಕ್ಕೆಯ ಮೇಲೆ ಒಂದೆರಡು ನಿಮಿಷ ಇಟ್ಟು ತೆಗೆಯಿರಿ, ಆಮೇಲೆ ಧಾರಾಳ ನೀರು ಹಾಕಿ. ಮದ್ದು ಬಿಡುವ ದಿನ ಕಾರಿಗೆ ಟರ್ಪಾಲು ಹೊದಿಸಿದರೆ ಇದ್ಯಾವುದೂ ಬೇಡ.

ತೊಳೆಯುವ ಕ್ರಮ ಚುಟುಕಾಗಿ ಹೇಳುತ್ತೇನೆ. ನೆರಳಲ್ಲಿ ನಿಲ್ಲಿಸಿ. ಮೊದಲು ಬರೀ ನೀರು ಹಾಕಿ ಕೆಸರನ್ನು ನೆನೆಸಿ ಇಳಿಸಿ, ಇಲ್ಲಿ ಅವಸರ ಮಾಡಬೇಡಿ. ಒಂದು ಬಕೆಟಿನಲ್ಲಿ ಸೋಪು ನೀರು, ಇನ್ನೊಂದರಲ್ಲಿ ಬಟ್ಟೆ ಜಾಲಿಸಲು ಬರೀ ನೀರು. ಮೇಲಿನಿಂದ ಕೆಳಗೆ ಬನ್ನಿ, ಚಕ್ರ ಕೊನೆಗೆ. ಹಳೆ ಬೈರಾಸು ಬೇಡ, ಅದರ ನೂಲಿನಲ್ಲಿ ಸಿಕ್ಕಿದ ಮರಳು ಬಿಡುವುದೇ ಇಲ್ಲ. ಮೈಕ್ರೋಫೈಬರ್ ಬಟ್ಟೆಗೆ ಖರ್ಚು ಮಾಡಿ. ಶಾಂಪೂವಿನಲ್ಲಿ ಉಳಿಸಿದ ದುಡ್ಡು ಹೋಗಬೇಕಾದ್ದು ಅಲ್ಲಿಗೆ.

ಕೊನೆಗೆ ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿಕೊಳ್ಳಿ. ಒಗೆಯುವ ಪುಡಿಗಳಲ್ಲಿರುವ ಆಲ್ಕೈಲ್‌ಬೆಂಜೀನ್ ಸಲ್ಫೊನೇಟ್ ಎಂಬ ಸೋಪಿನ ಅಂಶ ಲೀಟರಿಗೆ ಕೆಲವೇ ಮಿಲಿಗ್ರಾಂ ಇದ್ದರೂ ಮೀನಿನ ಕಿವಿರಿಗೆ ಹಾನಿ ಮಾಡುತ್ತದೆ. ಗಾಳಿ ಆಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾಗಳು ಇಂಥ ಅಣುಗಳನ್ನು ತಿಂದು ಮುಗಿಸುತ್ತವೆ. ಹಾಗಾಗಿ ತೋಡಿಗೆ ನೇರ ಇಳಿಯುವ ಜಾಗದಲ್ಲಿ, ಬಾವಿಯ ಕಟ್ಟೆ ಬಳಿ, ಸುರಂಗದ ಬಾಯಿಯ ಮೇಲುಗಡೆ ಕಾರು ತೊಳೆಯಬೇಡಿ. ಹುಲ್ಲಿರುವ ಮಣ್ಣಿನ ಅಂಗಳ ಒಳ್ಳೆಯದು. ಬಕೆಟಿಗೆ 10 ಮಿಲಿ ಹಾಕುವವರ ಮನೆಯಿಂದ ಇಳಿಯುವ ಸೋಪೂ ಅಷ್ಟೇ ಕಡಿಮೆ. ಅಳೆಯಲು ಮಕ್ಕಳ ಕೆಮ್ಮಿನ ಔಷಧದ ಬಾಟಲಿಯ ಮೇಲಿನ ಸಣ್ಣ ಅಳತೆ ಮುಚ್ಚಳ ಇದ್ದರೆ ಸಾಕು, ಅದರಲ್ಲಿ 5 ಮತ್ತು 10 ಮಿಲಿಯ ಗೆರೆ ಇರುತ್ತದೆ. ಚೆನ್ನಾಗಿ ತೊಳೆದು ಶಾಂಪೂ ಬಾಟಲಿಗೇ ದಾರದಲ್ಲಿ ಕಟ್ಟಿಡಿ, ಮತ್ತೆ ಔಷಧಕ್ಕೆ ಬಳಸಬೇಡಿ.