ಪ್ಲಾನ್ ಸ್ಯಾಂಕ್ಷನ್ ಕಾಗದ ಮತ್ತು ಗುತ್ತಿಗೆದಾರನ ವಿಮಾ ಆಡಿಟ್: ಓದುವವರಿಗೊಂದು ಟಿಪ್ಪಣಿ

ಕೆಲಸದಲ್ಲಿ ಗಾಯಗೊಂಡ ಆಳುಗಳಿಗೆ ಪರಿಹಾರ ಕೊಡಲು ಗುತ್ತಿಗೆದಾರ ಮಾಡಿಸುವ ವಿಮೆಯೇ ಕಾರ್ಮಿಕರ ಪರಿಹಾರ ಪಾಲಿಸಿ. ಅದಕ್ಕೆ ಮೊದಲು ಕಟ್ಟುವ ಪ್ರೀಮಿಯಂ ಬರೀ ಅಂದಾಜಿನದು. ವರ್ಷಕ್ಕೆ ಇಷ್ಟು ಕೂಲಿ ಕೊಡುತ್ತೇನೆಂದು ಗುತ್ತಿಗೆದಾರ ಬರೆದುಕೊಡುತ್ತಾನೆ. ಅವಧಿ ಮುಗಿದ ಮೇಲೆ ನಿಜವಾಗಿ ಕೊಟ್ಟ ಕೂಲಿ ನೋಡಿ ಹೊಂದಾಣಿಕೆ ಮಾಡಬೇಕು. ಆಗ ಹಾಜರಿ ಪುಸ್ತಕ, ವೋಚರ್, ಖರ್ಚಿನ ಲೆಕ್ಕ ಎಲ್ಲವನ್ನೂ ವಿಮಾ ಕಂಪನಿಯ ಆಡಿಟರ್ ಮುಂದೆ ಇಡುವವನು ಗುತ್ತಿಗೆದಾರನೇ. ಅವನ ಕೈ ಸೋಕದ ದಾಖಲೆ ಒಂದಾದರೂ ಬೇಕಲ್ಲ? ಕಟ್ಟಡ ಪರವಾನಗಿ, ಅಂದರೆ ಮಂಜೂರಾದ ನಕ್ಷೆ, ಕೆಲಸಕ್ಕೆ ಬರುವುದು ಇಲ್ಲಿ.

ಪರವಾನಗಿ ಹಿಡಿದು ಕೂಲಿ ಲೆಕ್ಕ ತಾಳೆ ನೋಡುವ ಈ ವಿಧಾನದ ವಿವರಣೆಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿ ಪರವಾನಗಿಯಲ್ಲಿ ಸಾಮಾನ್ಯವಾಗಿ ಗುತ್ತಿಗೆದಾರನ ಹೆಸರು, ಲೈಸೆನ್ಸ್ ಸಂಖ್ಯೆ ಇರುತ್ತದೆ. ಕ್ಯಾಲಿಫೋರ್ನಿಯಾದಲ್ಲಂತೂ ಕಾರ್ಮಿಕರ ವಿಮೆಯ ಬಗ್ಗೆ ಪರವಾನಗಿ ಹಂತದಲ್ಲೇ ಘೋಷಣೆ ಕೊಡಬೇಕು. ಹೆಸರು ಹಾಕಿ ಹುಡುಕಿದರೆ ಅವನು ಆ ವರ್ಷ ಹಿಡಿದ ಕೆಲಸಗಳು ಸಿಗುತ್ತವೆ. ಅದನ್ನೇ ಮೈಸೂರಿಗೆ ತಂದರೆ ಮೊದಲ ಹೆಜ್ಜೆಯಲ್ಲೇ ಎಡವುತ್ತೀರಿ. ಇಲ್ಲಿ ನಕ್ಷೆ ಮಂಜೂರಾಗುವುದು ಸೈಟಿನ ಮಾಲೀಕರ ಹೆಸರಿಗೆ, ನಕ್ಷೆಯ ಮೇಲೆ ಸಹಿ ಎಂಜಿನಿಯರ್ ಅಥವಾ ಆರ್ಕಿಟೆಕ್ಟರದು. ಮನೆ ಕಟ್ಟಿದ ಗುತ್ತಿಗೆದಾರನ ಹೆಸರು ಅದರಲ್ಲಿ ಸಾಮಾನ್ಯವಾಗಿ ಇರುವುದೇ ಇಲ್ಲ.

ಹಾಗಾಗಿ ನಾವು ಹಿಂದಿನಿಂದ ಮುಂದಕ್ಕೆ ಬರಬೇಕು: ಮೊದಲು ಸೈಟು, ಆಮೇಲೆ ಪರವಾನಗಿ. ಸೈಟುಗಳ ಸುಳಿವು ಗುತ್ತಿಗೆದಾರನ ಕಡತದಲ್ಲೇ ಇರುತ್ತದೆ. ಜಿಎಸ್‌ಟಿ ಬಿಲ್, ಆದಾಯ ತೆರಿಗೆಯ 26ಎಎಸ್ ಪಟ್ಟಿಯಲ್ಲಿ ಕಾಣುವ ಟಿಡಿಎಸ್ (ಹಣ ಕೊಡುವವರು ಮೊದಲೇ ಹಿಡಿದುಕೊಂಡ ತೆರಿಗೆ), ಎಲ್ಲಕ್ಕಿಂತ ಮುಖ್ಯವಾಗಿ ಸಿಮೆಂಟು, ಕಬ್ಬಿಣ, ರೆಡಿಮಿಕ್ಸ್‌ನ ಡೆಲಿವರಿ ಚಲನ್. ನನ್ನ ಮಟ್ಟಿಗೆ ಚಲನ್‌ಗಿಂತ ಒಳ್ಳೆಯ ಸಾಕ್ಷಿ ಇಲ್ಲ. ಲೋಡು ಇಳಿಸಿದ ಜಾಗದ ವಿಳಾಸ ಮರೆಮಾಚಲು ಯಾರಿಗೂ ಹೊಳೆಯುವುದಿಲ್ಲ. ಆ ವಿಳಾಸ ಕೂಲಿ ಪುಸ್ತಕದಲ್ಲಿ ಇಲ್ಲದಿದ್ದರೆ ಆ ಸೈಟಿನ ನಕ್ಷೆಯ ಪ್ರತಿ ಕೇಳಿ.

ಯಾವ ಕಚೇರಿ ಕೊಟ್ಟ ನಕ್ಷೆ ಎಂಬುದನ್ನೂ ನೋಡಿ. ಊರೊಳಗಾದರೆ ಮಹಾನಗರ ಪಾಲಿಕೆ. ಊರಂಚಿನ ಹೂಟಗಳ್ಳಿಗೆ ನಗರಸಭೆ, ಬೋಗಾದಿಗೆ ಪಟ್ಟಣ ಪಂಚಾಯಿತಿ ಬಂದವು. ಅದಕ್ಕೂ ಹಿಂದೆ ಅಲ್ಲಿದ್ದದ್ದು ಗ್ರಾಮ ಪಂಚಾಯಿತಿ. ಪರವಾನಗಿ ಕೊಟ್ಟ ದಿನ ಆ ಜಾಗ ಯಾರ ವ್ಯಾಪ್ತಿಯಲ್ಲಿತ್ತೋ ಕಡತ ಹುಟ್ಟಿದ್ದು ಅವರಲ್ಲಿ.

ಒಂದು ಲೆಕ್ಕ ಮಾಡೋಣ. ಅಂಕಿಗಳೆಲ್ಲ ಅಭ್ಯಾಸಕ್ಕೆ ಹಿಡಿದವು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಪಾಲಿಸಿ, ತೋರಿಸಿದ ಕೂಲಿ ಮೂರು ಸೈಟಿಗೂ ಸೇರಿ 18 ಲಕ್ಷ. ದಟ್ಟಗಳ್ಳಿಯ ಒಂದು ಸೈಟಿನ ನಕ್ಷೆಯಲ್ಲಿ ನೆಲಮಹಡಿ, ಮೇಲೆ ಎರಡು, ಒಟ್ಟು 42 ಚದರ (ಚದರ ಎಂದರೆ 100 ಚದರಡಿ). ಲೇಬರ್ ಕಾಂಟ್ರಾಕ್ಟ್ ಚದರಡಿಗೆ 450 ರೂಪಾಯಿ ಎಂದುಕೊಂಡರೆ ಇದೊಂದಕ್ಕೇ 18.9 ಲಕ್ಷ. ಮಿಕ್ಕೆರಡು ಸೈಟಿಗೆ ಏನೂ ಉಳಿಯಲಿಲ್ಲ.

ಸಿಕ್ಕಿಬಿದ್ದ ಎಂದು ಷರಾ ಬರೆಯುವ ಮುಂಚೆ ತಡೆಯಿರಿ. ನಕ್ಷೆ ಮಂಜೂರಾದದ್ದು ನವೆಂಬರ್‌ನಲ್ಲಿ ಎನ್ನಿ. ಸಂಕ್ರಾಂತಿ ಕಳೆದು ಪಾಯ ತೆಗೆದು, ಮಾರ್ಚ್ ಹೊತ್ತಿಗೆ ನೆಲಮಹಡಿಯ ಮೋಲ್ಡ್ ಹಾಕಿದ್ದರೆ ಈ ವರ್ಷದ ಪಾಲಿಗೆ ಬರುವುದು ಅಷ್ಟೇ. ಉಳಿದದ್ದು ಮುಂದಿನ ಪಾಲಿಸಿಗೆ. 450ರಲ್ಲಿ ಗುತ್ತಿಗೆದಾರನ ಲಾಭ, ಸೆಂಟ್ರಿಂಗ್ ಸಾಮಾನಿನ ಬಾಡಿಗೆಯೂ ಸೇರಿರಬಹುದು. ಮಂಜೂರಾದ ನಕ್ಷೆಗೂ ಎದ್ದ ಕಟ್ಟಡಕ್ಕೂ ಇರುವ ಅಂತರ ನಮ್ಮೂರಲ್ಲಿ ಗೊತ್ತೇ ಇದೆ: ಕಾಗದದಲ್ಲಿ ಎರಡು ಮಹಡಿ, ಬೀದಿಯಲ್ಲಿ ನಿಂತು ಎಣಿಸಿದರೆ ಮೂರು. ನಕ್ಷೆ ಪಡೆದು ಬ್ಯಾಂಕ್ ಸಾಲ ಸಿಗದೆ ಪಾಯವನ್ನೇ ತೋಡದವರೂ ಇದ್ದಾರೆ. ಪರವಾನಗಿ ಹೇಳುವುದು ಕಟ್ಟಲು ಅನುಮತಿ ಇತ್ತು ಎಂದಷ್ಟೇ. ಕೂಲಿ ಎಷ್ಟು ಎಂದು ಅದು ಹೇಳುವುದಿಲ್ಲ, ಯಾವ ಸೈಟಿನ ಕೂಲಿ ಕೇಳಬೇಕೆಂದು ತೋರಿಸುತ್ತದೆ.

ಪರವಾನಗಿಯ ಜೊತೆಗೇ ಇರುವ ಕಾರ್ಮಿಕ ಕಲ್ಯಾಣ ಸೆಸ್ ರಸೀದಿಯನ್ನು ಹಲವರು ಗಮನಿಸುವುದಿಲ್ಲ. ಕರ್ನಾಟಕದಲ್ಲಿ ಸೆಸ್ ನಿರ್ಮಾಣ ವೆಚ್ಚದ ಶೇ. 1. ರಸೀದಿ 52,000 ರೂಪಾಯಿಯದಾದರೆ ವೆಚ್ಚವನ್ನು 52 ಲಕ್ಷ ಎಂದು ಹಿಡಿದಿದ್ದಾರೆ ಎಂದರ್ಥ. ಜಮೀನಿನ ಬೆಲೆ ಇದರಲ್ಲಿ ಸೇರುವುದಿಲ್ಲ. ಅದು ಮಾರುಕಟ್ಟೆಯ ವೆಚ್ಚವೂ ಅಲ್ಲ. ಕೆಳಗಿನ ಮಿತಿ ಎಂದು ಇಟ್ಟುಕೊಂಡರೆ ಸಾಕು.

ಇನ್ನು ಒಳಗುತ್ತಿಗೆ. "ಸೆಂಟ್ರಿಂಗ್ ಬೇರೆಯವರಿಗೆ ಕೊಟ್ಟಿದ್ದೆ ಸಾರ್, ಅವರ ಆಳುಗಳ ಲೆಕ್ಕ ನನಗೇಕೆ" ಎಂಬ ಮಾತು ಬಂದೇ ಬರುತ್ತದೆ. 1923ರ ನೌಕರರ ಪರಿಹಾರ ಕಾಯ್ದೆಯ 12ನೇ ಕಲಮಿನ ಪ್ರಕಾರ, ತನ್ನ ವ್ಯವಹಾರದ ಭಾಗವಾದ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸಿದರೂ ಗಾಯಾಳುವಿಗೆ ಪರಿಹಾರ ಕೊಡುವ ಹೊಣೆ ಒಪ್ಪಿಸಿದವನ ಮೇಲೇ ಬೀಳುತ್ತದೆ. ಕೊಟ್ಟ ಹಣವನ್ನು ಆಮೇಲೆ ಒಳಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. 2025ರ ನವೆಂಬರ್‌ನಿಂದ ಈ ವಿಷಯ 2020ರ ಸಾಮಾಜಿಕ ಭದ್ರತಾ ಸಂಹಿತೆಗೆ ಸೇರಿದೆ. ಆದ್ದರಿಂದ ಒಳಗುತ್ತಿಗೆದಾರನ ಪಾಲಿಸಿಯ ಪ್ರತಿ, ಅದರ ದಿನಾಂಕ ಕೇಳಿ. ಇಲ್ಲವಾದರೆ ಅವನಿಗೆ ಕೊಟ್ಟ ಹಣದಲ್ಲಿನ ಕೂಲಿ ಭಾಗವೂ ಮುಖ್ಯ ಗುತ್ತಿಗೆದಾರನ ಲೆಕ್ಕಕ್ಕೆ ಬರಬೇಕು. ನಕ್ಷೆಯಲ್ಲಿ ಬೇಸ್‌ಮೆಂಟ್, ಲಿಫ್ಟ್ ಕಂಡರೆ ಒಳಗುತ್ತಿಗೆ ಇದ್ದೇ ಇರುತ್ತದೆಂದು ಹುಡುಕುವುದು ವಾಸಿ.

ಕಟ್ಟುತ್ತಿರುವ ಕೆಲಸಕ್ಕೇ ಆಗುವ ನಷ್ಟಕ್ಕೆ ಮಾಡಿಸುವ ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್ ಪಾಲಿಸಿಯಲ್ಲಿ ಇದೇ ಕಾಗದ ಗುತ್ತಿಗೆದಾರನ ಪರವಾಗಿಯೂ ನಿಲ್ಲಬಲ್ಲದು. ಅಲ್ಲಿ ವಿಮಾ ಮೊತ್ತ ಕೆಲಸ ಮುಗಿದಾಗಿನ ಪೂರ್ಣ ಬೆಲೆಯಷ್ಟಿರಬೇಕು, ಮಾಲೀಕರೇ ತರಿಸಿಕೊಟ್ಟ ಸಿಮೆಂಟು, ಕಬ್ಬಿಣವೂ ಸೇರಿ. ಮೇಲಿನ 42 ಚದರಕ್ಕೇ ಚದರಡಿಗೆ 2,000ದಂತೆ 84 ಲಕ್ಷ. ಲೇಬರ್ ಮೊತ್ತವಾದ 18.9 ಲಕ್ಷಕ್ಕಷ್ಟೇ ವಿಮೆ ಮಾಡಿಸಿದ್ದರೆ ಅದು ಶೇ. 22.5. ಮೋಲ್ಡ್ ಕುಸಿದು 4 ಲಕ್ಷ ನಷ್ಟವಾದರೆ ಸರಾಸರಿ ನಿಯಮದಂತೆ (ಬೆಲೆಯ ಎಷ್ಟು ಪಾಲಿಗೆ ವಿಮೆಯೋ ನಷ್ಟದ ಅಷ್ಟೇ ಪಾಲು) ಕೈಗೆ ಬರುವುದು 90,000, ಅದರಲ್ಲೂ ಎಕ್ಸೆಸ್, ಅಂದರೆ ಪಾಲಿಸಿದಾರನೇ ಹೊರಬೇಕಾದ ಭಾಗ, ಕಳೆದು. ಪಾಲಿಸಿ ಬರೆಯುವಾಗಲೇ ಏಜೆಂಟರು ನಕ್ಷೆಯ ಪ್ರತಿ ಕೇಳಿದ್ದರೆ ಈ ಕೊರತೆ ಅಲ್ಲೇ ಕಾಣುತ್ತಿತ್ತು.

ಪ್ರತಿ ಕೊಡಲು ಗುತ್ತಿಗೆದಾರ ಹಿಂಜರಿದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಬಹುದು. ಉತ್ತರಕ್ಕೆ 30 ದಿನ ಗಡುವು. ಮಾಲೀಕರು ಮೂರನೆಯ ವ್ಯಕ್ತಿಯಾದ್ದರಿಂದ ಖಾಸಗಿ ಮಾಹಿತಿಯ ಆಕ್ಷೇಪ ಬಂದು ತಡವಾಗುವುದೂ ಉಂಟು. ಆಡಿಟ್ ಶುರುವಾದ ದಿನವೇ ಸೈಟುಗಳ ಪಟ್ಟಿ ಮಾಡಿ, ಆ ಮಾಲೀಕರಿಂದ ನಕ್ಷೆಯ ಪ್ರತಿ ತರಿಸಿಕೊಡುವಂತೆ ಗುತ್ತಿಗೆದಾರನಿಗೆ ಪತ್ರ ಕೊಟ್ಟುಬಿಡಿ.